ಸ್ತನಾರ್ಬುದವೂ ಮನೆತನದ ವಂಶಾವಳಿಯೂ

ನಮ್ಮ ಮನೆಯಲ್ಲಿ ಒಂದು ವಂಶಾವಳಿಯ ಪುಸ್ತಕವಿದೆ. ನಮ್ಮ ಪಿತಾಮಹರು ಅದನ್ನು ಸ್ವಹಸ್ತದಿಂದ ಬರೆದಿಟ್ಟರು. ಎಂಟು ತಲೆಗಳ ಪುರುಷರ ಹೆಸರುಗಳೂ, ಅವರವರ ಭೂಸ್ಥಿತಿಯ ವಿವರವೂ, ಯಾರು ಯಾವ ತಿಥಿಯಲ್ಲಿ ಕಾಲವಾದರೆಂಬ ಲೆಕ್ಕವೂ ಅದರಲ್ಲಿ ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ ಇರುವುವು. ಶ್ರಾದ್ಧದ ದಿನ ಹೆಸರುಗಳಲ್ಲಿ ಸಂಶಯ ಬಂದರೆ ಅದನ್ನು ತೆಗೆದು ನೋಡುವುದು ನಮ್ಮಲ್ಲಿ ರೂಢಿ. ಅದು ಪರಿಪೂರ್ಣವಾದ ಪುಸ್ತಕವೆಂದೇ ನಾವು ಇಷ್ಟು ಕಾಲ ನಂಬಿದ್ದೆವು. ೨೦೨೩ನೆಯ ಇಸವಿಯಲ್ಲಿ ಒಬ್ಬ ವೈದ್ಯರು ಕೇಳಿದ ಸಾಮಾನ್ಯವಾದ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರ ದೊರೆಯದೆ ಹೋಯಿತು. ಆ ಪ್ರಶ್ನೆ ಯಾವುದು, ಅದನ್ನು ಕೇಳಬೇಕಾದ ಕಾರಣವೇನು ಎಂಬುದನ್ನು ವಾಚಕರಿಗೆ ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ವಿಷಯವು ಸಂಕೋಚಕ್ಕೆ ಎಡೆಗೊಡುವಂತಹದು. ಆದರೆ ಇದು ಗೃಹಿಣಿಯರೂ ಗೃಹಸ್ಥರೂ ಕೂಡಿ ಓದುವ ಪತ್ರಿಕೆಯಾದುದರಿಂದಲೇ ಇಲ್ಲಿ ಬರೆಯುವುದು ಯುಕ್ತವೆಂದು ನಮಗೆ ತೋರಿತು.

ನಮ್ಮ ಅಣ್ಣನವರ ಮಗಳಿಗೆ ಆಗ ಮೂವತ್ತಾರು ವರ್ಷ. ಮೈಸೂರಿನಲ್ಲಿ ಗಂಡನ ಮನೆ, ಇಬ್ಬರು ಮಕ್ಕಳು. ಒಂದು ದಿನ ಸ್ನಾನಮಾಡುವಾಗ ಎಡಸ್ತನದಲ್ಲಿ ಹುಣಿಸೆಯ ಬೀಜದಷ್ಟು ಗಂಟು ಕೈಗೆ ತಾಕಿತಂತೆ. ನೋವಿಲ್ಲದ ಕಾರಣ ಸುಮ್ಮನಾದಳು. ಎರಡು ತಿಂಗಳೊಳಗಾಗಿ ಅದು ನೆಲ್ಲಿಕಾಯಿಯಷ್ಟಾಯಿತು. ವೈದ್ಯರು ಸೂಜಿಯಿಂದ ಚೂರು ಮಾಂಸವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಂದ ಕಾಗದದಲ್ಲಿ ಅರ್ಬುದವೆಂದು ಬರೆದು, ಅದರ ಕೆಳಗೆ ಮೂರು ಸಾಲುಗಳಲ್ಲಿ ‘ಇಲ್ಲ, ಇಲ್ಲ, ಇಲ್ಲ’ ಎಂಬ ಅರ್ಥದ ಗುರುತುಗಳಿದ್ದುವು. ರೋಗವಿದೆಯೆಂದು ಹೇಳಿದ ಮೇಲೆ ಇಲ್ಲವೆಂದು ಹೇಳಿದ್ದು ಏನನ್ನು? ಇಲ್ಲವೆಂಬುದು ಒಳ್ಳೆಯದಲ್ಲವೇ? ಅಣ್ಣನವರು ಆ ಕಾಗದವನ್ನು ಹಿಡಿದು ನಮ್ಮನ್ನು ಕೇಳಿದ ಮೊದಲನೆಯ ಮಾತು ಇದೇ ಆಗಿತ್ತು. ಸಂಸ್ಕೃತದ ಉಪಾಧ್ಯಾಯರಾದ ನಮಗೆ ಅದರ ಉತ್ತರ ಎಲ್ಲಿಂದ ತಿಳಿಯಬೇಕು? ತಿಳಿದವರನ್ನು ಕೇಳಿ, ಪುಸ್ತಕಗಳನ್ನು ನೋಡಿ, ಮೆಲ್ಲಮೆಲ್ಲನೆ ಅರಿತುಕೊಂಡೆವು.

ಶರೀರದ ಕೆಲವು ಗ್ರಂಥಿಗಳಲ್ಲಿ ಹುಟ್ಟಿ, ರಕ್ತದೊಡನೆ ಸಂಚರಿಸಿ, ದೂರದ ಅವಯವಗಳಿಗೆ ಆಜ್ಞೆಯನ್ನು ಮುಟ್ಟಿಸುವ ದ್ರವ್ಯಗಳಿಗೆ ಹಾರ್ಮೋನುಗಳೆಂದು ಹೆಸರು. ಸ್ತ್ರೀಯರ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂತಲೂ ಪ್ರೊಜೆಸ್ಟಿರೋನ್ ಎಂತಲೂ ಎರಡು ಮುಖ್ಯವಾದ ಹಾರ್ಮೋನುಗಳು ಹುಟ್ಟುತ್ತವೆ. ಸ್ತನದ ಜೀವಕೋಶಗಳು ಬೆಳೆಯುವುದಕ್ಕೆ ಇವುಗಳ ಪ್ರೇರಣೆ ಬೇಕು. ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಜಾರ್ಜ್ ಬೀಟ್ಸನ್ ಎಂಬವರು, ಅಂಡಾಶಯಗಳನ್ನು ತೆಗೆದುಹಾಕಿದರೆ ಕೆಲವರಲ್ಲಿ ಸ್ತನದ ಗೆಡ್ಡೆಯು ಕುಗ್ಗುವುದೆಂದು ೧೮೯೬ರಲ್ಲಿಯೇ ಪ್ರಕಟಿಸಿದರು. ಎಲ್ಲರಲ್ಲಿಯೂ ಹೀಗೆ ಕುಗ್ಗದೆ ಕೆಲವರಲ್ಲಿ ಮಾತ್ರವೇ ಏಕೆ ಕುಗ್ಗಬೇಕು ಎಂಬುದು ಅರುವತ್ತು ವರ್ಷ ಒಗಟಾಗಿಯೇ ಉಳಿಯಿತು. ೧೯೫೮ರ ಸುಮಾರಿನಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದ ಎಲ್‌ವುಡ್ ಜೆನ್ಸನ್ ಎಂಬ ವಿದ್ವಾಂಸರು ಒಗಟನ್ನು ಬಿಡಿಸಿದರು. ಹಾರ್ಮೋನಿನ ಆಜ್ಞೆಯನ್ನು ಕೇಳಬಲ್ಲ ಜೀವಕೋಶದಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ಇರುವುದು. ಅದಕ್ಕೆ ಗ್ರಾಹಕವೆಂದು ಹೆಸರು. ಅದು ಜೀವಕೋಶದ ಕಿವಿಯೆಂದು ತಿಳಿಯಬಹುದು. ಕಿವಿಯಿರುವ ಗೆಡ್ಡೆಗೆ ಹಾರ್ಮೋನು ತಲಪದಂತೆ ಟಾಮಾಕ್ಸಿಫೆನ್ ಮೊದಲಾದ ಮಾತ್ರೆಗಳಿಂದ ತಡೆದರೆ ಅದರ ಬೆಳವಣಿಗೆ ನಿಲ್ಲುವುದು. ಕಿವಿಯೇ ಇಲ್ಲದ ಗೆಡ್ಡೆಯ ಮುಂದೆ ಈ ಮಾತ್ರೆಗಳು ವ್ಯರ್ಥ. ಅದು ಆಜ್ಞೆಗಾಗಿ ಕಾಯದೆ ತಾನೇ ತಾನಾಗಿ ಬೆಳೆಯುವಂತಹದು.

ಕಾಗದದಲ್ಲಿದ್ದ ಮೊದಲನೆಯ ಎರಡು ‘ಇಲ್ಲ’ಗಳು ಈ ಎರಡು ಗ್ರಾಹಕಗಳಿಗೆ ಸಂಬಂಧಪಟ್ಟವು. ಮೂರನೆಯದು ಹರ್-೨ ಎಂಬ ಮತ್ತೊಂದು ಪ್ರೋಟೀನಿನದು. ಇದು ಹಾರ್ಮೋನಿನ ಗ್ರಾಹಕವಲ್ಲ; ಆದರೂ ಹೆಚ್ಚಾಗಿದ್ದರೆ ಅದಕ್ಕೆ ಬೇರೆ ಔಷಧವಿರುವುದರಿಂದ ಮೂರನ್ನೂ ಒಟ್ಟಿಗೆ ನೋಡುತ್ತಾರೆ. ಮೂರೂ ಇಲ್ಲದ ಗೆಡ್ಡೆಯು ಸಾಧಾರಣವಾಗಿ ಚಿಕ್ಕ ವಯಸ್ಸಿನಲ್ಲಿಯೇ ಬರುವುದು, ಬೇಗ ಬೆಳೆಯುವುದು. ಪಾಶ್ಚಾತ್ಯ ದೇಶಗಳಲ್ಲಿ ಸ್ತನಾರ್ಬುದವಾದ ನೂರು ಮಂದಿಯಲ್ಲಿ ಸುಮಾರು ೧೫ ಮಂದಿಗೆ ಈ ಜಾತಿಯದು ಬಂದರೆ, ನಮ್ಮ ದೇಶದ ಆಸ್ಪತ್ರೆಗಳ ಲೆಕ್ಕಗಳಲ್ಲಿ ಅದು ಸುಮಾರು ೩೦ರವರೆಗೆ ಕಾಣುವುದು. ೨೦೨೨ರಲ್ಲಿ ಭಾರತದಲ್ಲಿ ಸುಮಾರು ೧,೯೨,೦೦೦ ಸ್ತ್ರೀಯರಿಗೆ ಹೊಸದಾಗಿ ಸ್ತನಾರ್ಬುದವಾಯಿತೆಂದು ಅಂದಾಜಿರುವಾಗ ಇದು ಅಲ್ಪಸಂಖ್ಯೆಯಲ್ಲ. ನಮ್ಮಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣ. ತೆಗೆದ ಮಾಂಸಖಂಡವನ್ನು ಫಾರ್ಮಲಿನ್ ದ್ರವದಲ್ಲಿ ಹಾಕುವುದಕ್ಕೆ ತಡಮಾಡಿದರೆ ಇರುವ ಗ್ರಾಹಕವೂ ಇಲ್ಲವೆಂದು ತೋರುವ ಪ್ರಮಾದವೂ ಉಂಟು. ಆದ್ದರಿಂದ ಸಂಶಯವಿದ್ದಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರೆ ತಪ್ಪೇನೂ ಇಲ್ಲ.

ಇನ್ನು ವೈದ್ಯರ ಪ್ರಶ್ನೆ. “ನಿಮ್ಮ ವಂಶದಲ್ಲಿ ಯಾರಿಗಾದರೂ ಇದು ಬಂದಿತ್ತೇ?” ಎಂದು ಅವರು ನಮ್ಮ ಹುಡುಗಿಯನ್ನು ಕೇಳಿದರು. ಅವಳು ತಾಯಿಯ ಕಡೆಯವರನ್ನೆಲ್ಲ ಬೆರಳಲ್ಲಿ ಎಣಿಸಿ, ಯಾರಿಗೂ ಇಲ್ಲವೆಂದಳು. “ತಂದೆಯ ಕಡೆ?” ಎಂದರು. “ತಂದೆಯ ಕಡೆಯಿಂದ ಹೇಗೆ ಬರುತ್ತೆ?” ಎಂದು ಅವಳು ಹೇಳಿದಳಂತೆ. ಆ ದಿನ ಸಾಯಂಕಾಲ ನಾವೂ ಅಣ್ಣನವರೂ ವಂಶಾವಳಿಯನ್ನು ಬಿಚ್ಚಿಕೊಂಡು ಕುಳಿತೆವು. ಮನೆಗೆ ಬಂದ ಸೊಸೆಯರ ಹೆಸರು ಅಲ್ಲಲ್ಲಿ ಇದ್ದಿತು, ಶ್ರಾದ್ಧದಲ್ಲಿ ಮಾತೃ, ಪಿತಾಮಹೀ, ಪ್ರಪಿತಾಮಹೀ ಎಂದು ಮೂರು ತಲೆಗಳನ್ನು ಹೇಳಬೇಕಲ್ಲವೆ. ಮನೆಯಿಂದ ಹೊರಕ್ಕೆ ಹೋದ ಹೆಣ್ಣುಮಕ್ಕಳ ಹೆಸರು ಮಾತ್ರ ಎಂಟು ತಲೆಗಳಲ್ಲಿ ಒಂದೂ ಇರಲಿಲ್ಲ.

ಒಂದೇ ಮನೆತನದಲ್ಲಿ ಈ ರೋಗವು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಹೊಸ ಸಂಗತಿಯಲ್ಲ. ಫ್ರಾನ್ಸ್ ದೇಶದ ಪ್ರಸಿದ್ಧ ವೈದ್ಯರಾದ ಪಾಲ್ ಬ್ರೋಕಾ ಅವರು ತಮ್ಮ ಪತ್ನಿಯ ವಂಶದ ನಾಲ್ಕು ತಲೆಮಾರುಗಳನ್ನು ಪರಿಶೀಲಿಸಿ, ಅದರಲ್ಲಿ ಎಷ್ಟು ಮಂದಿ ಸ್ತ್ರೀಯರು ಸ್ತನಾರ್ಬುದದಿಂದ ಮಡಿದರೆಂಬುದನ್ನು ೧೮೬೬ರಲ್ಲಿ ಮುದ್ರಿಸಿದರು. ಸ್ತ್ರೀಯರನ್ನು ಬಿಡದೆ ಬರೆದ ವಂಶಾವಳಿಯೆಂದರೆ ಅದು. ನಮ್ಮ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೂ ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಮೊದಲನೆಯ ಬಗೆಗೆ ಆದಿಬಲಪ್ರವೃತ್ತವೆಂದು ಹೆಸರಿಟ್ಟಿದೆ. ಶುಕ್ರಶೋಣಿತಗಳ ದೋಷದಿಂದ ಹುಟ್ಟುವ ಈ ವ್ಯಾಧಿಗಳಲ್ಲಿ ತಾಯಿಯಿಂದ ಬಂದವು, ತಂದೆಯಿಂದ ಬಂದವು ಎಂದು ಎರಡು ಭೇದಗಳನ್ನೂ ಹೇಳಿದೆ. ಹೀಗೆಂದು ನಾವು ಸುಶ್ರುತರಿಗೆ ಇಂದಿನ ವಿಜ್ಞಾನವೆಲ್ಲ ತಿಳಿದಿದ್ದಿತೆಂದು ವಾದಿಸತಕ್ಕವರಲ್ಲ. ಅಲ್ಲಿ ಕೊಟ್ಟ ಉದಾಹರಣೆಗಳು ಕುಷ್ಠ, ಮೂಲವ್ಯಾಧಿ ಮೊದಲಾದವು. ಆದರೆ ತಂದೆಯಿಂದಲೂ ವ್ಯಾಧಿ ಬರಬಹುದೆಂಬ ಮಾತನ್ನು ನಾವು ವಿದ್ಯಾರ್ಥಿದೆಶೆಯಲ್ಲಿ ಓದಿಯೂ ನಮ್ಮ ಮನೆಯ ಮಟ್ಟಿಗೆ ಯೋಚಿಸಲಿಲ್ಲವೆಂಬುದು ಪಾಂಡಿತ್ಯಕ್ಕೆ ಭೂಷಣವಲ್ಲ.

ಕಾರಣವನ್ನು ಕಂಡುಹಿಡಿದ ಕೀರ್ತಿಯ ಬಹುಭಾಗವು ಮೇರಿ-ಕ್ಲೇರ್ ಕಿಂಗ್ ಎಂಬ ಅಮೆರಿಕದ ವಿದುಷಿಗೆ ಸಲ್ಲತಕ್ಕದ್ದು. ಆಕೆ ೧೯೭೦ರ ದಶಕದಲ್ಲಿ ಕೆಲಸವನ್ನು ಪ್ರಾರಂಭಿಸಿದಾಗ, ಇಷ್ಟು ಸಾಮಾನ್ಯವಾದ, ಇಷ್ಟು ಬಗೆಯ ಕಾರಣಗಳುಳ್ಳ ರೋಗಕ್ಕೆ ಯಾವುದೋ ಒಂದು ಜೀನು ಕಾರಣವಾಗಬಹುದೆಂಬುದನ್ನು ವಿದ್ವಾಂಸರಲ್ಲಿ ಅನೇಕರು ನಂಬಲಿಲ್ಲ. ಆಕೆ ಮೊದಲು ೧,೫೭೯ ಕುಟುಂಬಗಳ ವೃತ್ತಾಂತಗಳನ್ನು ಗಣಿತದಿಂದ ಪರಿಶೀಲಿಸಿ, ಅವುಗಳಲ್ಲಿ ಕೆಲವು ಕುಟುಂಬಗಳಲ್ಲಿ ಮಾತ್ರ ರೋಗವು ವಂಶಾನುಗತವಾಗಿ ಇಳಿದು ಬಂದಿದೆಯೆಂದು ೧೯೮೮ರಲ್ಲಿ ತೋರಿಸಿದರು. ಆಮೇಲೆ ೨೩ ದೊಡ್ಡ ಕುಟುಂಬಗಳನ್ನು ಆರಿಸಿದರು. ಅವುಗಳಲ್ಲಿ ರೋಗ ಬಂದವರು ೧೪೬ ಮಂದಿ. ಜೀವಕೋಶದಲ್ಲಿರುವ ವರ್ಣತಂತುಗಳ ಮೇಲೆ ಗುರುತಿಸಬಹುದಾದ ಸ್ಥಾನಗಳನ್ನು ಒಂದೊಂದಾಗಿ ತೆಗೆದುಕೊಂಡು, ರೋಗವೂ ಆ ಗುರುತೂ ಜೊತೆಜೊತೆಯಾಗಿ ತಾಯಿಯಿಂದ ಮಗಳಿಗೆ, ತಂದೆಯಿಂದ ಮಗಳಿಗೆ ಇಳಿಯುತ್ತವೆಯೇ ಎಂದು ನೋಡುತ್ತ ಹೋದರು. ಎಲ್ಲ ಕುಟುಂಬಗಳನ್ನೂ ಒಟ್ಟಿಗೆ ಕೂಡಿಸಿದರೆ ಏನೂ ಸ್ಪಷ್ಟವಾಗಲಿಲ್ಲ. ಆಗ ಕುಟುಂಬಗಳನ್ನು ರೋಗ ಬಂದ ವಯಸ್ಸಿಗೆ ಅನುಸಾರವಾಗಿ, ಚಿಕ್ಕವಯಸ್ಸಿನವರು ಮೊದಲು, ದೊಡ್ಡವಯಸ್ಸಿನವರು ಅನಂತರ, ಎಂದು ಸಾಲಾಗಿ ಇಟ್ಟರು. ಇಟ್ಟ ಕೂಡಲೆ ಮಂಜು ಹರಿದಂತಾಯಿತು. ಚಿಕ್ಕ ವಯಸ್ಸಿನಲ್ಲಿಯೇ ರೋಗ ಬಂದ ಕುಟುಂಬಗಳಲ್ಲೆಲ್ಲ ಹದಿನೇಳನೆಯ ವರ್ಣತಂತುವಿನ ಒಂದು ಸ್ಥಾನವು ರೋಗದೊಡನೆ ಬಿಡದೆ ಬರುತ್ತಿತ್ತು. ಮುಪ್ಪಿನಲ್ಲಿ ಬಂದ ಕುಟುಂಬಗಳಲ್ಲಿ ಆ ಸಂಬಂಧವಿರಲಿಲ್ಲ. ಇದು ೧೯೯೦ನೆಯ ಇಸವಿಯ ಸಂಗತಿ. ಇಷ್ಟು ವರ್ಷ ತರಗತಿಯಲ್ಲಿ ಮಕ್ಕಳ ಹಾಜರಿಯನ್ನು ಅಕಾರಾದಿಯಾಗಿಯೇ ಬರೆದ ನಮಗೆ, ಒಂದೇ ಪಟ್ಟಿಯನ್ನು ಬೇರೊಂದು ಕ್ರಮದಲ್ಲಿ ಬರೆದ ಮಾತ್ರಕ್ಕೆ ಇಷ್ಟು ದೊಡ್ಡ ಸತ್ಯವು ಹೊರಬಿದ್ದದ್ದನ್ನು ಓದಿ ಆಶ್ಚರ್ಯವಾಯಿತು. ೧೯೯೪ರಲ್ಲಿ ಅಮೆರಿಕದ ಯೂಟಾ ಪ್ರಾಂತದ ವಿಜ್ಞಾನಿಗಳು ಆ ಜೀನನ್ನೇ ಹಿಡಿದರು. ಅದಕ್ಕೆ ಬ್ರಾಕಾ-೧ ಎಂದು ಹೆಸರು. ೧೯೯೫ರಲ್ಲಿ ಇಂಗ್ಲೆಂಡಿನ ಮೈಕೇಲ್ ಸ್ಟ್ರಾಟನ್ ಮತ್ತು ಅವರ ಸಂಗಡಿಗರು ಹದಿಮೂರನೆಯ ವರ್ಣತಂತುವಿನಲ್ಲಿ ಬ್ರಾಕಾ-೨ ಎಂಬ ಎರಡನೆಯದನ್ನು ಕಂಡುಹಿಡಿದರು.

ಜೀನಿನಲ್ಲಿ ದೋಷವೆಂದರೆ ಎಂತಹುದು? ಜೀನೆಂಬುದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಒಂದು ವಾಕ್ಯ. ಜೀವಕೋಶವು ಅದನ್ನು ಮೂರು ಮೂರು ಅಕ್ಷರಗಳಾಗಿ ಬಿಡಿಸಿ ಓದಿ, ಪ್ರೋಟೀನನ್ನು ಕಟ್ಟುವುದು. ಇದನ್ನು ನಮ್ಮ ಅಣ್ಣನವರಿಗೆ ತಿಳಿಯಹೇಳುವುದಕ್ಕೆ ನಾವು ಒಂದು ವಾಕ್ಯವನ್ನು ರಚಿಸಿದೆವು: ‘ಅರಸು ಮಗಳ ಮದುವೆ ಮುಗಿಸಿ ಬಂದನು.’ ಪ್ರತಿಯೊಂದು ಪದದಲ್ಲಿಯೂ ಮೂರಕ್ಷರಗಳಿವೆ. ಇದರಲ್ಲಿ ‘ಮಗ’ ಎಂಬ ಎರಡಕ್ಷರಗಳು ಜಾರಿಹೋದುವೆಂದು ಭಾವಿಸಿ, ಮೊದಲಿನಂತೆಯೇ ಮೂರು ಮೂರಾಗಿ ಓದಿರಿ: ‘ಅರಸು ಳಮದು ವೆಮುಗಿ ಸಿಬಂದ ನು.’ ಜಾರಿದ್ದು ಎರಡಕ್ಷರವಾದರೂ ಅಲ್ಲಿಂದ ಮುಂದೆ ವಾಕ್ಯವೆಲ್ಲ ಕೆಟ್ಟಿತು. ಮೂರಕ್ಷರಗಳೇ ಜಾರಿದ್ದರೆ ‘ಅರಸು ಮದುವೆ ಮುಗಿಸಿ ಬಂದನು’ ಎಂದು ಹೇಗೋ ಅರ್ಥವಾಗುತ್ತಿತ್ತು. ಬ್ರಾಕಾ-೧ರಲ್ಲಿ ಬಹಳ ಪ್ರಸಿದ್ಧವಾದ ಒಂದು ದೋಷವು ಇಂತಹುದೇ: ವಾಕ್ಯದ ಪ್ರಾರಂಭದಲ್ಲಿಯೇ ಎರಡಕ್ಷರಗಳ ಲೋಪ. ಹೀಗಾಗಿ ೧,೮೬೩ ಘಟಕಗಳ ಪ್ರೋಟೀನು ಆರಂಭದಲ್ಲಿಯೇ ತುಂಡಾಗುವುದು. ಪೂರ್ವ ಯೂರೋಪಿನ ಮೂಲದ ಯೆಹೂದ್ಯರಲ್ಲಿ ಈ ದೋಷವು ಹೆಚ್ಚು. ಆ ಜನಾಂಗದಲ್ಲಿ ಇದೂ ಇಂತಹ ಇನ್ನೆರಡು ದೋಷಗಳೂ ಕೂಡಿ ಸುಮಾರು ೪೦ ಮಂದಿಗೆ ಒಬ್ಬರಲ್ಲಿರುವುವು. ಯೆಹೂದ್ಯರದೇ ಎಂದುಕೊಂಡಿದ್ದ ಈ ಎರಡಕ್ಷರದ ಲೋಪವನ್ನು ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ ರೋಗಿಗಳಲ್ಲಿಯೂ ಕಂಡು ೨೦೦೯ರಲ್ಲಿ ಪ್ರಕಟಿಸಿದರು. ಮನೆತನದಲ್ಲಿ ರೋಗವಿದ್ದ ೬೧ ಮಂದಿಯನ್ನು ಪರೀಕ್ಷಿಸಿದಾಗ ಹತ್ತು ಮಂದಿಯಲ್ಲಿ ಅದೇ ದೋಷ. ಇದು ಯೆಹೂದ್ಯರ ಸಂಬಂಧದಿಂದ ಬಂದುದಲ್ಲವೆಂದೂ, ಒಂದು ಭಾರತೀಯ ಕುಟುಂಬದಲ್ಲಿ ಸ್ವತಂತ್ರವಾಗಿಯೇ ಹುಟ್ಟಿದುದೆಂದೂ ೨೦೦೭ರ ಮತ್ತೊಂದು ಶೋಧನೆಯಲ್ಲಿ ಕಂಡುಬಂದಿತ್ತು. ಲಿಪಿಕಾರರ ಹಸ್ತದೋಷಗಳಲ್ಲಿಯೂ ಹೀಗೆಯೇ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ಸ್ಥಳದಲ್ಲಿ ಒಂದೇ ಅಕ್ಷರವನ್ನು ಬಿಡುವುದನ್ನು ತಾಳೆಯೋಲೆಗಳನ್ನು ನೋಡಿದವರೆಲ್ಲ ಬಲ್ಲರು.

ಬ್ರಾಕಾ-೧ರ ಕೆಲಸವು ಕೆಡುಕಲ್ಲ, ರಕ್ಷಣೆ. ವರ್ಣತಂತುವಿನ ಎರಡೆಳೆಗಳೂ ಒಟ್ಟಿಗೆ ಕಡಿದುಹೋದಾಗ ಅದನ್ನು ತಪ್ಪಿಲ್ಲದೆ ಮತ್ತೆ ಜೋಡಿಸುವುದಕ್ಕೆ ಅದರ ಪ್ರೋಟೀನು ಬೇಕು. ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ಸಾಗುವುದು. ಎಂದಾದರೊಂದು ದಿನ ಯಾವುದೋ ಒಂದು ಜೀವಕೋಶದಲ್ಲಿ ಆ ಒಳ್ಳೆಯ ಪ್ರತಿಯೂ ಕೆಟ್ಟಿತೆಂದರೆ ಅಲ್ಲಿಂದ ತಪ್ಪುಗಳು ಒಂದರ ಮೇಲೊಂದು ಬಿದ್ದು ಅರ್ಬುದವಾಗುವುದು. ಎರಡು ಪೆಟ್ಟುಗಳ ಈ ತತ್ತ್ವವನ್ನು ಮಕ್ಕಳ ಕಣ್ಣಿನ ಅರ್ಬುದವೊಂದರ ವಿಷಯದಲ್ಲಿ ೧೯೭೧ರಲ್ಲಿ ಮೊದಲು ಪ್ರತಿಪಾದಿಸಿದವರು ಆಲ್‌ಫ್ರೆಡ್ ನಡ್ಸನ್. ಹುಟ್ಟುವಾಗಲೇ ಒಂದು ಪೆಟ್ಟನ್ನು ತಿಂದು ಬಂದವರಿಗೆ ಇನ್ನೊಂದೇ ಪೆಟ್ಟು ಸಾಕು. ಆದಕಾರಣ ಅವರಿಗೆ ರೋಗವು ಚಿಕ್ಕ ವಯಸ್ಸಿನಲ್ಲಿಯೇ ಬರುವುದು.

ಈ ದೋಷವಿರುವವರಿಗೆ ಬರುವ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು ೭೦ ಗ್ರಾಹಕಗಳಿಲ್ಲದವೇ ಆಗಿರುತ್ತವೆ. ಬ್ರಾಕಾ-೨ರ ದೋಷವಿರುವವರಲ್ಲಿ ಹೀಗಿಲ್ಲ. ಅವರ ಗೆಡ್ಡೆಗಳಲ್ಲಿ ಬಹುಪಾಲಿಗೆ ಗ್ರಾಹಕಗಳುಂಟು. ಏಕೆ ಈ ಭೇದ? ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಿದ್ವಾಂಸರು ೨೦೦೯ರಲ್ಲಿ ಇದಕ್ಕೆ ಒಂದು ಸಮಾಧಾನವನ್ನು ಕೊಟ್ಟರು. ಹಾಲಿನ ನಾಳಗಳ ಒಳಪದರವಾಗಿ ಬೆಳೆಯಬೇಕಾದ ಎಳೆಯ ಜೀವಕೋಶಗಳು ಕೆಲವುಂಟು. ಬ್ರಾಕಾ-೧ರ ದೋಷವುಳ್ಳ ಸ್ತ್ರೀಯರಲ್ಲಿ ಇವುಗಳ ಸಂಖ್ಯೆ ಮೀರಿರುವುದು. ಗ್ರಾಹಕಗಳನ್ನು ಧರಿಸುವ ಪ್ರೌಢಾವಸ್ಥೆಗೆ ಮುಟ್ಟುವ ಮೊದಲೇ ಇವು ಹಾದಿತಪ್ಪಿ ಗೆಡ್ಡೆಯಾಗುವುವೆಂದು ಅವರ ಮತ.

ಅಪಾಯದ ಪ್ರಮಾಣವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸುಮಾರು ಹತ್ತು ಸಾವಿರ ಸ್ತ್ರೀಯರನ್ನು ವರ್ಷಗಟ್ಟಲೆ ಗಮನಿಸಿ ೨೦೧೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬ್ರಾಕಾ-೧ರ ದೋಷವುಳ್ಳ ನೂರು ಸ್ತ್ರೀಯರಲ್ಲಿ ೭೨ ಮಂದಿಗೆ ಎಂಬತ್ತು ವರ್ಷದೊಳಗೆ ಸ್ತನಾರ್ಬುದ ಬರುವುದು. ೪೪ ಮಂದಿಗೆ ಅಂಡಾಶಯದ ಅರ್ಬುದ ಬರುವುದು. ಬ್ರಾಕಾ-೨ರಲ್ಲಿ ಇವು ೬೯ ಮತ್ತು ೧೭. ಹಾಗಿದ್ದರೂ ದೋಷವಿದ್ದ ಮಾತ್ರಕ್ಕೆ ರೋಗ ಬಂದೇ ತೀರಬೇಕೆಂದಿಲ್ಲ. ಅದಲ್ಲದೆ, ಸ್ತನಾರ್ಬುದಗಳಲ್ಲೆಲ್ಲ ಇಂತಹ ಪ್ರಬಲವಾದ ಅನುವಂಶಿಕ ದೋಷದಿಂದ ಬರುವವು ನೂರಕ್ಕೆ ಐದರಿಂದ ಹತ್ತು ಮಾತ್ರ ಎಂಬುದನ್ನು ಮರೆಯಬಾರದು.

ಈ ಎರಡೇ ಜೀನುಗಳಲ್ಲ. ೨೦೦೬ರಲ್ಲಿ ಗುರುತಿಸಿದ ಪಾಲ್ಬಿ-೨, ಅದರ ನಂಟಿನ ಬಾರ್ಡ್-೧, ರಾಡ್-೫೧ ಸಿ, ರಾಡ್-೫೧ ಡಿ ಎಂಬವೂ ಗ್ರಾಹಕರಹಿತವಾದ ಗೆಡ್ಡೆಗೆ ಕಾರಣವಾಗಬಲ್ಲವು. ಚೆಕ್-೨ ಎಂಬುದು ಹಾಗಲ್ಲ, ಹೆಚ್ಚಾಗಿ ಗ್ರಾಹಕವುಳ್ಳವಕ್ಕೆ ಕಾರಣ. ಮನೆತನದ ವೃತ್ತಾಂತವನ್ನು ಲೆಕ್ಕಿಸದೆ, ಮೂರೂ ‘ಇಲ್ಲ’ದ ಗೆಡ್ಡೆಯಾದ ೧,೮೨೪ ಸ್ತ್ರೀಯರನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ ೧೪ಕ್ಕಿಂತ ಹೆಚ್ಚು ಮಂದಿಯಲ್ಲಿ ಇಂತಹ ಯಾವುದಾದರೊಂದು ಜೀನಿನ ದೋಷವಿದ್ದಿತು. ಇವಲ್ಲದೆ ಕಿರುಕುಳದಂತಹ ಸಣ್ಣಸಣ್ಣ ವ್ಯತ್ಯಾಸಗಳು ಅನೇಕ ಉಂಟು. ಹತ್ತೊಂಬತ್ತನೆಯ ವರ್ಣತಂತುವಿನ ಒಂದು ಸ್ಥಾನವು ೨೦೧೦ರಲ್ಲಿಯೂ, ವರ್ಣತಂತುಗಳ ತುದಿಯನ್ನು ಕಾಯುವ ಜೀನಿನ ನೆರೆಯ ಒಂದು ಸ್ಥಾನವು ೨೦೧೧ರಲ್ಲಿಯೂ, ಮತ್ತೆ ಹತ್ತು ಸ್ಥಾನಗಳು ೨೦೧೭ರಲ್ಲಿಯೂ ಗೊತ್ತಾದುವು. ಇವೆಲ್ಲ ಈಸ್ಟ್ರೋಜನ್ ಗ್ರಾಹಕವಿಲ್ಲದ ಗೆಡ್ಡೆಗೇ ಸಂಬಂಧಪಟ್ಟವು. ಒಂದೊಂದರಿಂದ ಅಪಾಯವು ಕೂದಲೆಳೆಯಷ್ಟು ಹೆಚ್ಚುವುದು. ಅನೇಕವು ಕೂಡಿದರೆ ಗಣನೆಗೆ ಬರುವುದು. ಸಾಮಾನ್ಯ ಕುಟುಂಬದವರು ಇವುಗಳ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಕಾದುದಿಲ್ಲ.

ಹೇಳಬೇಕಾದುದು ತಂದೆಯ ಮಾತು. ಈ ಜೀನುಗಳಿರುವ ವರ್ಣತಂತುಗಳು ಗಂಡಿಗೂ ಹೆಣ್ಣಿಗೂ ಸಮಾನ. ದೋಷವಿರುವವರು ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವವು ಎರಡರಲ್ಲೊಂದು. ಗಂಡಸಿನಲ್ಲಿ ಅದು ಬಹುಶಃ ಏನೂ ಉಪದ್ರವ ಮಾಡದೆ ಇದ್ದುಬಿಡುವುದು. ಬ್ರಾಕಾ-೨ ಆದರೆ ಪುರುಷರಲ್ಲಿಯೂ ಕೆಲವು ಅರ್ಬುದಗಳು ಬರುವುದುಂಟು. ಸರಸ್ವತೀನದಿಯು ನೆಲದೊಳಗೆ ಹರಿಯಿತೆನ್ನುವಂತೆ, ಎರಡು ತಲೆ ಗಂಡಸರ ಮೈಯೊಳಗೆ ಕಾಣದೆ ಹರಿದು ಮೂರನೆಯ ತಲೆಯ ಹೆಣ್ಣಿನಲ್ಲಿ ಕಾಣಿಸಿಕೊಳ್ಳುವುದು. ಸೋದರಮಾವನಿಗೆ ಕೊಟ್ಟದ್ದರಿಂದ ಹೀಗಾಯಿತೆಂದು ನಮ್ಮ ಕಡೆ ಹೇಳುವವರಿದ್ದಾರೆ. ಒಂದೇ ಪ್ರತಿಯ ದೋಷದಿಂದ ಬರುವ ಈ ರೋಗಕ್ಕೆ ಆ ಮಾತು ಹೊಂದುವುದಿಲ್ಲ.

ನಮ್ಮ ತಾಯಿಯವರು ಎಂಬತ್ತೇಳು ವರ್ಷದವರು. ಅವರ ಬಳಿಗೆ ಹೋಗಿ, “ಅಮ್ಮ, ನಮ್ಮ ಸೋದರತ್ತೆ ಯಾವ ಖಾಯಿಲೆಯಿಂದ ಹೋದರು?” ಎಂದು ಕೇಳಿದೆವು. ಆಕೆ ೧೯೬೯ರಲ್ಲಿ, ನಾಲ್ವತ್ತೊಂದು ವರ್ಷದಲ್ಲಿ, ತೀರಿಕೊಂಡರು. ನಮಗೆ ಆಗ ಐದು ವರ್ಷ. ಜ್ವರದಿಂದ ಹೋದರೆಂದು ಕೇಳಿದ್ದೆವು. ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅದೆಲ್ಲ ಈಗ್ಯಾಕೆ ಮಗೂ? ಎದೇಲಿ ಹುಣ್ಣಾಗಿತ್ತು. ಅವಳ ಬಟ್ಟೆಯೆಲ್ಲ ನಾನೇ ಒಗೀತಿದ್ದೆ. ದೊಡ್ಡ ಹುಡುಗಿ ಮದುವೆಗೆ ಬಂದಿದ್ದಳಲ್ಲ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು,” ಎಂದರು. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಪಾಡಿಕೊಂಡು ಬಂದ ಆಣೆಯದು. ಇಷ್ಟು ಹೇಳಿದ ಮೇಲೆ ಅವರಾಗಿಯೇ ಇನ್ನೊಂದು ಮಾತನ್ನು ಹೇಳಿದರು. ತಾವು ಸೊಸೆಯಾಗಿ ಬಂದ ಮೂರು ವರ್ಷಕ್ಕೆ, ೧೯೫೮ರಲ್ಲಿ, ಅತ್ತೆಯವರು, ಎಂದರೆ ನಮ್ಮ ಅಜ್ಜಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಜಲೋದರವೆಂದು ತೀರಿಹೋದರಂತೆ. ಇದನ್ನು ಕೇಳಿ ವೈದ್ಯರು, ಅದು ಅಂಡಾಶಯದ ಅರ್ಬುದವಾಗಿದ್ದಿರಬಹುದೆಂದರು.

ಹುಡುಗಿಯ ರಕ್ತವನ್ನು ಪರೀಕ್ಷಿಸಿದರು. ಬ್ರಾಕಾ-೧ರಲ್ಲಿ ದೋಷವಿದ್ದಿತು. ಅಣ್ಣನವರಲ್ಲಿಯೂ ಅದೇ. ಆಮೇಲೆ ನಮ್ಮ ಸರದಿ. ನಮಗೆ ಒಬ್ಬಳೇ ಮಗಳು. ಫಲಿತಾಂಶಕ್ಕೆ ಮೂರು ವಾರ ಕಾಯಬೇಕಾಗಿತ್ತು. ಆ ಮೂರು ವಾರ ನಮ್ಮ ಮನೆಯವರೂ ನಾವೂ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ನಮ್ಮಲ್ಲಿ ದೋಷವಿಲ್ಲವೆಂದು ಬಂದಿತು. ಮನಸ್ಸು ಹಗುರವಾಯಿತು. ಅಣ್ಣನವರು ಪಕ್ಕದ ಕುರ್ಚಿಯಲ್ಲಿಯೇ ಕುಳಿತಿದ್ದರು. ಆದ್ದರಿಂದ ಆ ಹಗುರಕ್ಕೆ ನಾಚಿಕೆಯೂ ಆಯಿತು. ಅವರು ಮಾತ್ರ ನಮ್ಮ ಬೆನ್ನಮೇಲೆ ಕೈಯಿಟ್ಟು, “ಒಂದು ಮನೆಯಾದರೂ ಉಳಿಯಿತಲ್ಲ,” ಎಂದರು.

ಹುಡುಗಿಗೆ ಮೊದಲು ಔಷಧಗಳನ್ನು ಕೊಟ್ಟು ಗೆಡ್ಡೆಯನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಗ್ರಾಹಕವಿಲ್ಲದ ಗೆಡ್ಡೆಗೆ ಮದ್ದಿಲ್ಲವೆಂಬುದು ಸರಿಯ ಮಾತಲ್ಲ. ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುವ ಔಷಧಗಳಿಗೆ ಅದು ಅನೇಕವೇಳೆ ಚೆನ್ನಾಗಿ ಬಗ್ಗುವುದು. ಮರುಕಳಿಸುವ ಭಯವು ಮೊದಲ ಮೂರರಿಂದ ಐದು ವರ್ಷಗಳಲ್ಲಿ ಹೆಚ್ಚು; ಅಲ್ಲಿಂದ ಮುಂದೆ ಇಳಿಯುತ್ತ ಹೋಗುವುದು. ಜೀನಿನ ದೋಷವೇ ಚಿಕಿತ್ಸೆಗೆ ದಾರಿಯಾದದ್ದೂ ಉಂಟು. ವರ್ಣತಂತುಗಳ ಸಣ್ಣ ಗಾಯಗಳನ್ನು ಸರಿಪಡಿಸುವ ಪಾರ್ಪ್ ಎಂಬ ಇನ್ನೊಂದು ಪ್ರೋಟೀನು ಇದೆ. ಅದನ್ನು ತಡೆದರೆ, ಬ್ರಾಕಾ ಮೊದಲೇ ಇಲ್ಲದ ಅರ್ಬುದಕೋಶವು ಎರಡು ದಾರಿಗಳೂ ಮುಚ್ಚಿ ಸಾಯುವುದು. ಒಂದು ಒಳ್ಳೆಯ ಪ್ರತಿಯಿರುವ ಇತರ ಕೋಶಗಳು ಬದುಕುವುವು. ೨೦೦೫ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿದ ಈ ಉಪಾಯವು ಓಲಾಪರಿಬ್ ಎಂಬ ಮಾತ್ರೆಯಾಗಿ, ಬ್ರಾಕಾ ದೋಷವುಳ್ಳ ಸ್ತನಾರ್ಬುದಕ್ಕೆ ೨೦೧೮ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ರೋಗ ಬಾರದಿದ್ದರೂ ದೋಷವಿರುವ ಸ್ತ್ರೀಯರು ಮಾಡಬಹುದಾದುದು ಬಹಳವಿದೆ. ಇಪ್ಪತ್ತೈದನೆಯ ವರ್ಷದಿಂದ ಪ್ರತಿವರ್ಷವೂ ಎಂ.ಆರ್.ಐ. ಪರೀಕ್ಷೆ, ಮೂವತ್ತರ ಮೇಲೆ ಮ್ಯಾಮೊಗ್ರಾಂ. ಮಕ್ಕಳಾದ ಮೇಲೆ, ಬ್ರಾಕಾ-೧ ಆದರೆ ಮೂವತ್ತೈದರಿಂದ ನಾಲ್ವತ್ತರೊಳಗೆ, ಅಂಡಾಶಯಗಳನ್ನು ತೆಗೆಸುವುದು. ಇಷ್ಟಪಟ್ಟವರು ಸ್ತನಗಳನ್ನೇ ಮುಂಚಿತವಾಗಿ ತೆಗೆಸುವುದು. ಈ ಕಡೆಯದರಿಂದ ಅಪಾಯವು ನೂರಕ್ಕೆ ತೊಂಬತ್ತರಷ್ಟು ಇಳಿಯುವುದು. ಅಮೆರಿಕದ ನಟಿ ಆಂಜೆಲಿನಾ ಜೋಲಿ ಹೀಗೆ ಮಾಡಿಸಿಕೊಂಡು ೨೦೧೩ರಲ್ಲಿ ತಾವೇ ವೃತ್ತಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಅಮೆರಿಕದ ಪರಮೋಚ್ಚ ನ್ಯಾಯಾಲಯವು, ಪ್ರಕೃತಿಯಲ್ಲಿರುವ ಜೀನು ಯಾರ ಸ್ವತ್ತೂ ಆಗಲಾರದೆಂದು ತೀರ್ಪುಕೊಟ್ಟಿತು. ಅಲ್ಲಿಯವರೆಗೆ ಒಂದೇ ಸಂಸ್ಥೆಯ ಕೈಯಲ್ಲಿದ್ದ ಪರೀಕ್ಷೆಯ ಬೆಲೆ ಆ ಮೇಲೆ ಬಹಳ ಇಳಿಯಿತು. ಮಕ್ಕಳಿಗೆ ಎದೆಹಾಲನ್ನು ಹೆಚ್ಚು ಕಾಲ ಕೊಟ್ಟವರಲ್ಲಿ ಗ್ರಾಹಕರಹಿತವಾದ ಗೆಡ್ಡೆಯು ಕಡಿಮೆಯೆಂದೂ ಕಂಡುಬಂದಿದೆ. ಯಾರಿಗೆ ಯಾವುದು ತಕ್ಕುದೆಂಬುದನ್ನು ಬಲ್ಲ ವೈದ್ಯರೊಡನೆ ಕುಳಿತು ನಿಶ್ಚಯಿಸಬೇಕು. ಪತ್ರಿಕೆಯನ್ನು ಓದಿ ನಿಶ್ಚಯಿಸತಕ್ಕದ್ದಲ್ಲ.

ಸೋದರತ್ತೆಯವರಿಗೆ ಇಬ್ಬರು ಹೆಣ್ಣುಮಕ್ಕಳು. ಯಾರ ಮದುವೆಗಾಗಿ ಆಣೆ ಹಾಕಿಸಿದ್ದರೋ ಆ ದೊಡ್ಡ ಮಗಳು ೧೯೯೩ರಲ್ಲಿ ಪುಣೆಯಲ್ಲಿ ನಾಲ್ವತ್ತಮೂರು ವರ್ಷಕ್ಕೆ ತೀರಿಕೊಂಡರು. ಎರಡನೆಯವರು ಅರವತ್ತೇಳು ವರ್ಷದವರು, ಶಿವಮೊಗ್ಗದಲ್ಲಿದ್ದಾರೆ. ಅವರಿಗೂ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ನಾಲ್ವತ್ತರ ಆಚೀಚೆಯವರು. ಇವರಿಗೆ ಹೇಳದೆ ಇರುವಂತಿಲ್ಲ. ತಾಯಿ ಆಣೆ ಹಾಕಿಸಿದ ಮಾತನ್ನು ಮಗಳಿಗೆ ಹೇಳುವುದು ಹೇಗೆ? ಪತ್ರ ಬರೆಯಲು ಮೂರು ಸಲ ಕುಳಿತು ಮೂರು ಸಲ ಹರಿದೆವು. ಕೊನೆಗೆ ನಾವೇ ಹೋದೆವು. ಆಕೆ ಕಾಫಿ ಕೊಟ್ಟು, ಕೇಳುವಷ್ಟನ್ನೂ ಕೇಳಿ, “ಅಕ್ಕನಿಗೂ ಅದೇ ಆಗಿತ್ತು. ಅವಳೂ ಹೇಳಬೇಡ ಅಂದಿದ್ದಳು. ನನ್ನ ಮಕ್ಕಳ ಮದುವೆ ಆಗೋವರೆಗೂ ಬಾಯಿ ಬಿಡಲಿಲ್ಲ, ಆಮೇಲೆ ಮರೆತೇ ಹೋಯಿತು,” ಎಂದರು. ಪರೀಕ್ಷೆಯಲ್ಲಿ ಆಕೆಗೆ ದೋಷವಿದೆಯೆಂದು ಬಂದಿತು. ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಇಲ್ಲ, ಚಿಕ್ಕವಳಿಗೆ ಇದೆ. ಚಿಕ್ಕವಳು ಕಳೆದ ಕಾರ್ತಿಕದಲ್ಲಿ ಅಂಡಾಶಯಗಳನ್ನು ತೆಗೆಸಿಕೊಂಡಳು. ಸ್ತನಗಳ ವಿಷಯವನ್ನು ಇನ್ನೂ ನಿಶ್ಚಯಿಸಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಿ ಬರುತ್ತಾಳೆ. ನಮ್ಮ ಅಣ್ಣನವರ ಮಗಳಿಗೆ ಚಿಕಿತ್ಸೆ ಮುಗಿದು ಎರಡನೆಯ ವರ್ಷ ನಡೆಯುತ್ತಿದೆ.

ದೋಷವು ಅಜ್ಜಿಯಿಂದ ಬಂದಿರಬೇಕೆಂದು ಈಗ ತೋರುವುದು. ಹಾಗಾದರೆ ನಾವು ಬಿಚ್ಚಿಕೊಂಡು ಕುಳಿತ ಎಂಟು ತಲೆಗಳ ವಂಶಾವಳಿಯಲ್ಲಿ ಅದನ್ನು ಹುಡುಕಿದ್ದೇ ವ್ಯರ್ಥ. ಹುಡುಕಬೇಕಾದುದು ಅಜ್ಜಿಯ ತವರುಮನೆಯಲ್ಲಿ. ಆ ಮನೆ ಅರಸೀಕೆರೆಯ ಕಡೆ ಒಂದು ಹಳ್ಳಿಯಲ್ಲಿದ್ದಿತಂತೆ. ಪಿತಾಮಹರ ಪುಸ್ತಕದ ಕೊನೆಗೆ ನಾವು ನಾಲ್ಕು ಹೊಸ ಹಾಳೆಗಳನ್ನು ಹೊಲಿದು, ಗೊತ್ತಾದ ಹೆಣ್ಣುಮಕ್ಕಳ ಹೆಸರುಗಳನ್ನೂ, ಎಷ್ಟು ವರ್ಷಕ್ಕೆ ಯಾವ ಖಾಯಿಲೆಯಿಂದ ಹೋದರೆಂಬುದನ್ನೂ ಬರೆದಿದ್ದೇವೆ. ಇದುವರೆಗೆ ಹದಿಮೂರು ಹೆಸರುಗಳು ಸಿಕ್ಕಿವೆ. ಅಜ್ಜಿಗೆ ಒಬ್ಬ ತಂಗಿ ಇದ್ದರೆಂದೂ, ಬಾಣಂತನಕ್ಕೆ ಬಂದಾಗ ತಾವು ಒಮ್ಮೆ ನೋಡಿದ್ದುಂಟೆಂದೂ ತಾಯಿಯವರು ಹೇಳುತ್ತಾರೆ. ಹೆಸರು ನೆನಪಾಗಲೊಲ್ಲದು. ಆಕೆಯ ಮಕ್ಕಳು ಎಲ್ಲಿರುವರೋ ತಿಳಿಯದು. ಬರುವ ತಿಂಗಳು ಅಣ್ಣನವರೂ ನಾವೂ ಆ ಹಳ್ಳಿಗೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಪುಸ್ತಕದಲ್ಲಿ ಆ ತಂಗಿಯ ಸಾಲನ್ನು ಹಾಗೆಯೇ ಖಾಲಿ ಬಿಟ್ಟಿದ್ದೇವೆ.